ಡಿಕ್ಷನರಿಯಲ್ಲಿ ಪದದ ನಡುವೆ 3 ಯಾಕಿದೆ?

ತಿಪಟೂರು ಟ್ಯೂಷನ್ ಮಿಸ್:
ಮನೆಯಲ್ಲೇ ಆರು ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತೇನೆ. ನಿನ್ನೆ ಎಂಟನೇ ಕ್ಲಾಸಿನ ಹುಡುಗ ಡಿಕ್ಷನರಿಯಲ್ಲಿ 'ಪ್ಲೆಷರ್' ಹುಡುಕಿ, "ಮಿಸ್, ಪಕ್ಕದಲ್ಲಿ ಓರೆಗೆರೆಗಳ ಮಧ್ಯೆ 3 ಇದೆ. ಪ್ಲೆಮೂರು ಅಂತ ಓದಬೇಕಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಉತ್ತರ ನನಗೂ ಗೊತ್ತಿರಲಿಲ್ಲ. ಕೊನೆಯಲ್ಲಿ ಇಂಗ್ಲಿಷಿನ ಇ ಅಕ್ಷರ ಬೇರೆ ತಲೆಕೆಳಗಾಗಿದೆ! ಅವೆನ್ಯೂ ರೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಪುಸ್ತಕ, ಗುರುತುಗಳ ವಿವರ ಇರಬೇಕಾದ ಮೊದಲ ಹಾಳೆಗಳೇ ಇಲ್ಲ. ನನ್ನ ಹತ್ತಿರ ಇರುವ ಇನ್ನೊಂದು ಡಿಕ್ಷನರಿಯಲ್ಲಿ ಉಚ್ಚಾರಣೆ ಕನ್ನಡದಲ್ಲೇ ಇದೆ. ಪ್ಲೆಷರ್, ಪ್ರೆಷರ್. ಅಷ್ಟು ಸಾಕಲ್ವಾ?

ಹಳೇ ಇಂಗ್ಲಿಷ್ ಮೇಷ್ಟ್ರು:
ಸಾಕಾಗಲ್ಲಮ್ಮ. ಪ್ರೆಷರ್ ಕುಕ್ಕರಿನ 'ಷ' ಬೇರೆ, ಪ್ಲೆಷರಿನದು ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಆಗಿಬಿಡುತ್ತವೆ. ಗಂಟಲ ಮೇಲೆ ಎರಡು ಬೆರಳಿಟ್ಟು, ಗಲಾಟೆ ಮಾಡೋ ಮಕ್ಕಳನ್ನು ಸುಮ್ಮನಿರಿಸುವ ಹಾಗೆ 'ಶ್...' ಅಂತ ಎಳೆಯಿರಿ. ಬೆರಳಿಗೆ ಏನೂ ತಿಳಿಯಲ್ಲ. ಈಗ ನಾಲಿಗೆ ಅಲ್ಲೇ ಇರಲಿ, ದನಿ ಸೇರಿಸಿ. ಬೆರಳ ಕೆಳಗೆ ಗುಂಯ್ ಅನ್ನುತ್ತೆ. ನಿಮ್ಮ 3 ಅಂದರೆ ಆ ಗುಂಯ್. ಅದು ಅಂಕಿಯಲ್ಲ, ಬಾಲ ಬಂದ ಝಡ್.

1886ರಲ್ಲಿ ಪ್ಯಾರಿಸ್‌ನಲ್ಲಿ ಭಾಷೆ ಕಲಿಸುವ ಮೇಷ್ಟ್ರುಗಳೇ ಸೇರಿ ಕಟ್ಟಿದ ಸಂಘದ ಲಿಪಿ ಇದು. ಒಂದು ಸದ್ದಿಗೆ ಒಂದೇ ಗುರುತು. ತಲೆಕೆಳಗಾದ ಇ ಅಂದರೆ ಬಾಯಿ ಸಡಿಲ ಬಿಟ್ಟು ಅರ್ಧ ನುಂಗಿದ 'ಅ'. 'ಅಬೌಟ್' ಶುರುವಾಗೋದು ಅದರಿಂದಲೇ. ಬ್ರಿಟಿಷ್ ಡಿಕ್ಷನರಿಯಾದರೆ ಪ್ಲೆಷರಿನ ಕೊನೆಗೆ 'ರ್' ಹುಡುಕಬೇಡಿ, ಅವರು ಅದನ್ನು ಹೇಳುವುದಿಲ್ಲ.

ಪ್ರೂಫ್ ನೋಡುವವನು:
ಮೇಲೆ ಪುಟ್ಟ ನಿಂತ ಗೆರೆ ಇದ್ದರೆ ಬಿಡಬೇಡಿ, ಅದು ಒತ್ತು. 'ರೆಕಾರ್ಡ್' ತೆಗೆದು ನೋಡಿ. ನಾಮಪದಕ್ಕೆ ಗೆರೆ 'ರೆ' ಮುಂಚೆ, ಕ್ರಿಯಾಪದಕ್ಕೆ 'ಕಾ' ಮುಂಚೆ. ತೀರಾ ಹಳೇ ಕೆಲವು ಡಿಕ್ಷನರಿಗಳಲ್ಲಿ ಗೆರೆ ಒತ್ತಿ ಹೇಳುವ ಭಾಗದ ನಂತರ ಬರುತ್ತೆ, ಹುಷಾರು.

ಹಾಸನದ ಹುಡುಗ:
ನಮ್ಮ ಕನ್ನಡವೇ ವಾಸಿ ಬಿಡಿ, ಬರೆದ ಹಾಗೇ ಓದ್ತೀವಿ.

ಪ್ರೂಫ್ ನೋಡುವವನು:
ಹೌದಾ? 'ಚಿಹ್ನೆ' ಅಂತ ಜೋರಾಗಿ ಓದಿ. ಬರೆಯುವಾಗ ಹ ಮೊದಲು, ಬಾಯಲ್ಲಿ ನ ಮೊದಲು. 'ಬ್ರಹ್ಮ' ಕೂಡ ಹಾಗೇ, ಬಾಯಲ್ಲಿ 'ಬ್ರಮ್ಹ'. 'ಕಂಬ'ದ ಸೊನ್ನೆ ಮ್, 'ಕಂದ'ದ ಸೊನ್ನೆ ನ್.

ಹಾಸನದ ಹುಡುಗ:
ಚಿನ್ಹೆ... ಅಯ್ಯೋ!

ತಿಪಟೂರು ಟ್ಯೂಷನ್ ಮಿಸ್:
ಮೇಷ್ಟ್ರೇ, ಗುಂಯ್ ಅಂತು! ಆ ಹುಡುಗ 'ಮೆಷರ್', 'ಟೆಲಿವಿಷನ್' ಎರಡರಲ್ಲೂ 3 ಹುಡುಕಿ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದಾನೆ. 'ಪ್ರೆಷರ್'ನಲ್ಲಿ ಇಲ್ಲ ಮಿಸ್ ಅಂತ ಅವನೇ ಹೇಳಿದ. ಆರೂ ಮಕ್ಕಳು ಗಂಟಲು ಹಿಡಿದು ಶ್, ಝ್ ಅನ್ನುತ್ತಿರುವಾಗ ಅತ್ತೆ ಒಳಗಿಂದ ಬಂದರು. "ಏನೇ, ಎಲ್ಲರಿಗೂ ಒಟ್ಟಿಗೇ ಗಂಟಲು ಕಟ್ಟಿದೆಯಾ?" ಅಂತ ಕೇಳಿ ಕಷಾಯಕ್ಕೆ ಇಟ್ಟರು.