ಸಹಾಯ ಬೇಕು: ‘ಯೆಲ್ಲೋಸ್ಟೋನ್’ ಯಾವ ಕ್ರಮದಲ್ಲಿ ನೋಡಬೇಕು?
ಎಲ್ಲರಿಗೂ ನಮಸ್ಕಾರ. ಅಪ್ಪನ ಜೊತೆ ‘ಯೆಲ್ಲೋಸ್ಟೋನ್’ ಅನ್ನುವ ಅಮೆರಿಕದ ಟಿವಿ ಸರಣಿ ಶುರು ಮಾಡಿದ್ದೇನೆ. ಮೊಂಟಾನಾ ರಾಜ್ಯದಲ್ಲಿ ದನ ಸಾಕುವ ದೊಡ್ಡ ಜಮೀನಿರುವ ಡಟನ್ ಕುಟುಂಬ, ಯಜಮಾನನಾಗಿ ಕೆವಿನ್ ಕಾಸ್ಟ್ನರ್. ಒಂದು ಕಡೆ ಜಮೀನಿನ ಮೇಲೆ ಕಣ್ಣಿಟ್ಟ ಬಿಲ್ಡರ್‌ಗಳು, ಇನ್ನೊಂದು ಕಡೆ ಇದು ನಮ್ಮ ನೆಲ ಎನ್ನುವ ಮೂಲನಿವಾಸಿಗಳ ಮುಖಂಡ ರೈನ್‌ವಾಟರ್. ನನಗಂತೂ ಅವನ ಮಾತೇ ಸರಿ ಅನ್ನಿಸುತ್ತದೆ. ಕೆಲಸದವರ ಎದೆಗೆ, ದನಕ್ಕೆ ಹಾಕಿದ ಹಾಗೆ, ಕಾದ ಕಬ್ಬಿಣದಿಂದ ‘ವೈ’ ಅಂತ ಬರೆ ಹಾಕುವುದನ್ನು ನೋಡಿ ಅಪ್ಪ ಹೌಹಾರಿದರು!

ಈ ಮನೆತನ ಅಲ್ಲಿಗೆ ಬಂದು ನೆಲೆಸಿದ ಕಥೆ 2021ರಲ್ಲಿ ಬಂದ ‘1883’ ಅನ್ನುವ ಸರಣಿಯಲ್ಲಿದೆ, ಮುಂದಿನ ತಲೆಮಾರಿನದು ‘1923’ ಅನ್ನುವ ಸರಣಿಯಲ್ಲಿ. ಅವನ್ನು ಈಗಲೇ ನೋಡಬೇಕಾ, ಇಲ್ಲ ‘ಯೆಲ್ಲೋಸ್ಟೋನ್’ನ ಐದೂ ಸೀಸನ್ ಮುಗಿಸಿದ ಮೇಲಾ? ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ನಾನೇ ಪಕ್ಕದಲ್ಲಿ ಕೂತು ಹೇಳಬೇಕು, ಹಾಗಾಗಿ ಸುಲಭವಾಗಿ ಅರ್ಥವಾಗುವ ಕ್ರಮ ತಿಳಿಸಿ. ಕೊನೆಗೆ ಜಮೀನು ಯಾರ ಪಾಲಾಯಿತು ಅಂತ ಮಾತ್ರ ದಯವಿಟ್ಟು ಹೇಳಬೇಡಿ.