ಒದ್ದೆ ಗೋಡೆಗೆ ಬಣ್ಣ ಹೊಡೆಸುವ ಮುಂಚೆ

ಮಗಳೇ, ನೀನು ಬೆಳಿಗ್ಗೆ ನಮ್ಮ ಮನೆಯವರ ಫೋನಿನ ಗುಂಪಿನಲ್ಲಿ ಹಾಕಿದ್ದನ್ನು ಈಗಷ್ಟೇ ಓದಿದೆ. ಈ ಸಲ ನೀರಿನ ಬಿಲ್ಲು ದುಪ್ಪಟ್ಟು ಬಂದಿದೆ, ನಲ್ಲಿಗಳು ಎಲ್ಲೂ ತೊಟ್ಟಿಕ್ಕುತ್ತಿಲ್ಲ, ಬಚ್ಚಲಿಗೆ ಅಂಟಿಕೊಂಡ ಕೋಣೆಯ ಗೋಡೆಯಲ್ಲಿ ಮಾತ್ರ ಬಣ್ಣ ಉಬ್ಬಿ ಉದುರುತ್ತಿದೆ, ಗೌರಿ ಹಬ್ಬದೊಳಗೆ ಪುಟ್ಟಿ ಹಾಕಿಸಿ ಬಣ್ಣ ಹೊಡೆಸಿದರೆ ಸಾಕೇ ಎಂದು ಕೇಳಿದ್ದೀಯ. ಸಾಲದು. ನೀರು ಎಲ್ಲಿಂದ ಬರುತ್ತಿದೆ ಎಂಬುದು ಗೊತ್ತಾಗುವವರೆಗೆ ಆ ಗೋಡೆಗೆ ಬಣ್ಣ ಹೊಡೆಸಲೇಬೇಡ. ಪೇಂಟರಿಗೆ ಮುಂಗಡ ಕೊಟ್ಟಿದ್ದರೂ ಚಿಂತೆಯಿಲ್ಲ, ಕೆಲಸವನ್ನು ನಿಲ್ಲಿಸು.

ಮೈಸೂರಿನ ಮನೆಯಲ್ಲಿ ಏನಾಯಿತೆಂಬುದು ನಿನ್ನ ಅಮ್ಮನಿಗೆ ಚೆನ್ನಾಗಿ ಗೊತ್ತು. ನಿನಗೆ ಆಗ ತಿಳಿವಳಿಕೆ ಬರುವ ವಯಸ್ಸಲ್ಲ. ಆ ಮನೆಯದೆಲ್ಲ ಹಳೆಯ ಕಬ್ಬಿಣದ ಜಿಐ ಪೈಪು. ದೊಡ್ಡ ಭಾವನವರ ಕೋಣೆಯಲ್ಲಿ ಬೀರುವಿನ ಹಿಂದೆ ಗೋಡೆ ಉಪ್ಪು ಬಿಟ್ಟು, ಬಿಳಿ ಪುಡಿ ನೆಲಕ್ಕೆ ಉದುರತೊಡಗಿತ್ತು. ಬೇಸಿಗೆಯ ದಿನಗಳವು, ಮಳೆ ಬಿದ್ದು ತಿಂಗಳುಗಳಾಗಿದ್ದವು. ಅಂಗೈ ಮಗುಚಿ ಹಿಂಬದಿಯಿಂದ ಮುಟ್ಟಿ ನೋಡಿದರೆ ಆ ಜಾಗವಷ್ಟೇ ತಣ್ಣಗಿತ್ತು. ಮಳೆಯಿಲ್ಲದ ಕಾಲದಲ್ಲಿ ಗೋಡೆ ತಣ್ಣಗಿದೆಯೆಂದರೆ ಒಳಗಿನ ಪೈಪೇ ಸೋರುತ್ತಿರಬೇಕು ಎಂದು ನಾನು ಅಂದೇ ಹೇಳಿದೆ. ಆದರೆ ಭಾವನವರ ಮಗಳ ನಿಶ್ಚಿತಾರ್ಥ ಹತ್ತಿರದಲ್ಲಿತ್ತು, ಬೀಗರು ಬಂದಾಗ ಮನೆ ಲಕ್ಷಣವಾಗಿ ಕಾಣಬೇಕಿತ್ತು. ಕೆಲಸಕ್ಕೆ ಬಂದವನು ಇದು ಹಿಂದಿನ ಮಳೆಗಾಲದ ತೇವವೆಂದು ಹೇಳಿ, ಕೆರೆದು, ಪುಟ್ಟಿ ಬಳಿದು, ನೀರು ತಡೆಯುವ ಬಣ್ಣವನ್ನು ದಪ್ಪಗೆ ಹೊಡೆದು ಹೋದ. ನಿಶ್ಚಿತಾರ್ಥದ ದಿನ ಗೋಡೆ ಹೊಳೆಯುತ್ತಿತ್ತು, ನಿಜ.

ಆ ಬಣ್ಣ ಮಾಡಿದ ಕೆಲಸವೇನೆಂದರೆ, ಗೋಡೆಯ ತೇವ ಹೊರಗೆ ಆರಿಹೋಗುವ ದಾರಿಯನ್ನು ಮುಚ್ಚಿದ್ದು. ಪೈಪಿನಿಂದ ನೀರು ಬರುವುದು ನಿಂತಿರಲಿಲ್ಲವಾದ್ದರಿಂದ ಅದು ಒಳಗೊಳಗೇ ಪಕ್ಕಕ್ಕೂ ಕೆಳಕ್ಕೂ ಹರಡಿ, ಕಡೆಗೆ ವೈರು ಹಾಯಿಸಿದ್ದ ಕೊಳವೆಯೊಳಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಅಕ್ಕ, ಎಂದರೆ ಭಾವನವರ ಹೆಂಡತಿ, ಸ್ನಾನ ಮುಗಿಸಿ ಬಂದು ಒದ್ದೆ ಕೈಯಲ್ಲಿ ಆ ಗೋಡೆಯ ಸ್ವಿಚ್ಚು ಒತ್ತಿದವರೇ ಚೀರಿಕೊಂಡು ಹಿಂದಕ್ಕೆ ಬಿದ್ದರು. ಬಲಗೈ ಸಂಜೆಯವರೆಗೆ ಮರಗಟ್ಟಿತ್ತು. ವಿದ್ಯುತ್ ಸೋರಿದರೆ ತಾನೇ ಬಿದ್ದು ಪ್ರಾಣ ಉಳಿಸುವ ಆರ್‌ಸಿಸಿಬಿ ಆ ಮನೆಯಲ್ಲಿ ಇರಲಿಲ್ಲ. ಅವರು ಹಿಂದಕ್ಕೆ ಬೀಳದೆ ಬೋರ್ಡಿಗೇ ಅಂಟಿಕೊಂಡಿದ್ದರೆ ಎಂದು ನೆನೆದರೆ ನನಗೆ ಇಂದಿಗೂ ಎದೆ ನಡುಗುತ್ತದೆ.

ಎಲೆಕ್ಟ್ರಿಷಿಯನ್ ಬಂದು ಮೈನ್ ಇಳಿಸಿ, ಬೋರ್ಡಿನ ಸ್ಕ್ರೂ ಬಿಚ್ಚಿದ. ಕೊಳವೆಯ ಬಾಯಿಂದ ನೀರು ಒಂದೊಂದೇ ಹನಿಯಾಗಿ ವೈರಿನ ತಾಮ್ರದ ತುದಿಯ ಮೇಲೆ ಬೀಳುತ್ತಿತ್ತು. ಆಮೇಲೆ ಗೋಡೆ ಒಡೆಸಿದರು. ಗೀಸರಿಗೆ ಹೋಗುವ ಪೈಪಿನ ಎಲ್ಬೋ, ಎಂದರೆ ಬಾಗಿದ ತುಂಡು, ತಿರುಪಿನ ಜಾಗದಲ್ಲಿ ತುಕ್ಕು ಹಿಡಿದು, ಅಲ್ಲಿ ಸಾಸಿವೆ ಕಾಳಿನಷ್ಟು ತೂತಾಗಿತ್ತು. ಸುತ್ತಲಿನ ಇಟ್ಟಿಗೆ ಬೆರಳಿಂದ ಒತ್ತಿದರೆ ಪುಡಿಯಾಗುತ್ತಿತ್ತು. ಬೀರುವಿನ ಹಿಂಬದಿಯ ಹಲಗೆ ಗೆದ್ದಲಿಗೆ ಹೋಗಿತ್ತು. ಕೆಳಗಿನ ಅರೆಯಲ್ಲಿದ್ದ ಅತ್ತೆಯವರ ಧಾರೆ ಸೀರೆಯನ್ನು ಎತ್ತಿಕೊಂಡಾಗ ಅದು ಮಡಿಕೆ ಮಡಿಕೆಯಲ್ಲೇ ಹರಿದು ಕೈಗೆ ಬಂತು. ಇಷ್ಟಕ್ಕೂ ಆ ತೂತು ಇದ್ದದ್ದು ಉಪ್ಪು ಕಾಣಿಸಿದ ಜಾಗದಲ್ಲಿ ಅಲ್ಲವೇ ಅಲ್ಲ, ಅದಕ್ಕಿಂತ ಆಳೆತ್ತರ ಮೇಲೆ, ಬಚ್ಚಲಿನ ಮೂಲೆಯಲ್ಲಿ. ನೀರು ಪೈಪಿಗಾಗಿ ಗೋಡೆಯಲ್ಲಿ ಕೊರೆದ ಗಾಡಿಯನ್ನೇ ಹಿಡಿದು ಇಳಿದು, ತನಗೆ ಸಲೀಸಾದ ಕಡೆ ಹೊರಗೆ ಬರುತ್ತದೆ. ನೀನು ಕಳುಹಿಸಿದ ಫೋಟೋದಲ್ಲಿ ಕಲೆಯ ಕೆಳಗೇ ಸ್ವಿಚ್ ಬೋರ್ಡು ಇದೆ. ಅದಕ್ಕೇ ಮತ್ತೊಮ್ಮೆ ಹೇಳುತ್ತಿದ್ದೇನೆ: ಸೋರುವ ಜಾಗ ಸಿಗುವ ಮುಂಚೆ ಆ ಗೋಡೆಗೆ ಬಣ್ಣ ಹೊಡೆಸಬೇಡ. ಬಣ್ಣ ಹೊಡೆಸಿದರೆ ಕಲೆ ಮರೆಯಾಗುತ್ತದೆ, ನೀರು ಮರೆಯಾಗುವುದಿಲ್ಲ.

ಈ ಮಾತು ಬಂದದ್ದರಿಂದ ನನ್ನ ಮನಸ್ಸಿನಲ್ಲಿರುವುದನ್ನೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಬೆಂಗಳೂರಿನಲ್ಲಿ ಮನೆ ಕಟ್ಟಿಸುವಾಗ ನಾನು ಇದೇ ಗುಂಪಿನಲ್ಲಿ ಬರೆದಿದ್ದೆ: ಪ್ಲಾಸ್ಟರ್ ಮಾಡುವುದಕ್ಕೆ ಮುಂಚೆ ಪೈಪು ಹಾದುಹೋಗಿರುವ ಪ್ರತಿಯೊಂದು ಗೋಡೆಯ ಫೋಟೋವನ್ನು ಪಕ್ಕದಲ್ಲಿ ಅಳತೆಯ ಟೇಪು ಹಿಡಿದು ತೆಗೆದಿಡಿ, ಪೈಪುಗಳಿಗೆ ನೀರು ತುಂಬಿಸಿ ಕೈಪಂಪಿನಿಂದ ಒತ್ತಡ ಕೊಟ್ಟು, ಒತ್ತಡ ತೋರಿಸುವ ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ನೋಡಿದ ಮೇಲೆಯೇ ಗೋಡೆ ಮುಚ್ಚಿಸಿ ಎಂದು. ಎಲ್ಲರೂ ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾದಿರಿ. ಗೃಹಪ್ರವೇಶದ ಮುಹೂರ್ತ ಗೊತ್ತಾಗಿದೆ, ಕಂಟ್ರಾಕ್ಟರು ಇದಕ್ಕೆಲ್ಲ ಸಮಯವಿಲ್ಲ ಎನ್ನುತ್ತಾರೆ ಎಂದು ಉತ್ತರ ಬಂತು. ಆ ಕಂಟ್ರಾಕ್ಟರು ಈಗ ಫೋನು ತೆಗೆಯುವುದಿಲ್ಲ, ಪೈಪು ಯಾವ ಗೋಡೆಯಲ್ಲಿ ಎಲ್ಲಿ ತಿರುಗಿದೆ ಎಂದು ಹೇಳುವವರು ಯಾರೂ ಇಲ್ಲ. ಹಿರಿಯರು ಒಂದು ಮಾತು ಹೇಳಿದರೆ ಅದರ ಹಿಂದೆ ಒಂದು ಅನುಭವವಿದೆ ಎಂದು ಯಾಕೆ ಅನ್ನಿಸುವುದಿಲ್ಲವೋ ನನಗೆ ತಿಳಿಯದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿದ ಊರು ಅದು. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಮಾಡಿ ತರುವ ಕಾವೇರಿ ನೀರು ಗೋಡೆಯೊಳಗೆ ಇಂಗುತ್ತಿದೆ ಎಂದರೆ ಹೊಟ್ಟೆ ಉರಿಯುತ್ತದೆ.

ಇರಲಿ, ನೀನು ಈಗ ಮಾಡಬೇಕಾದದ್ದನ್ನು ಹೇಳುವುದೇ ಉಳಿದಿದೆ. ನಿಮ್ಮಲ್ಲಿ ನೀರು ಮೀಟರು ದಾಟಿ ನೆಲದಡಿಯ ತೊಟ್ಟಿಯಾದ ಸಂಪಿಗೆ, ಸಂಪಿನಿಂದ ಮೋಟಾರಿನ ಮೂಲಕ ಮೇಲಿನ ಟ್ಯಾಂಕಿಗೆ, ಅಲ್ಲಿಂದ ಮನೆಯೊಳಕ್ಕೆ ಬರುತ್ತದೆ. ಆದ್ದರಿಂದ ಒಂದೊಂದು ಭಾಗವನ್ನೂ ಬೇರೆಯಾಗಿಯೇ ನೋಡಬೇಕು. ನೀರು ಬಿಡುವ ದಿನ ಸಂಪಿನ ಬಳಿಯ ವಾಲ್ವು ಮುಚ್ಚಿ ಮೀಟರನ್ನು ಗಮನಿಸು; ಅದರೊಳಗಿನ ಸಣ್ಣ ಚಕ್ರ ಆಗಲೂ ತಿರುಗುತ್ತಿದ್ದರೆ ಮೀಟರಿಗೂ ಸಂಪಿಗೂ ನಡುವೆ ನೆಲದಡಿಯಲ್ಲಿ ಸೋರಿಕೆಯಿದೆ. ಇನ್ನು ಇವತ್ತು ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ಮೋಟಾರು ನಿಲ್ಲಿಸಿ, ಸಂಪಿಗೆ ನೀರು ಬರದಂತೆ ಮುಚ್ಚಿ, ಸಂಪಿನಲ್ಲೂ ಮೇಲಿನ ಟ್ಯಾಂಕಿನಲ್ಲೂ ನೀರಿನ ಮಟ್ಟವನ್ನು ಕೋಲಿನಿಂದ ಅಳೆದು ಗುರುತು ಮಾಡಿಡು. ಬೆಳಗಿನವರೆಗೆ ಬಕೆಟ್ಟಿನ ನೀರನ್ನೇ ಬಳಸಿ, ಫ್ಲಷ್ ಕೂಡ ಒತ್ತಬೇಡಿ. ಸಂಪಿನ ಗುರುತು ಇಳಿದಿದ್ದರೆ ಸಂಪೇ ಬಿರುಕು ಬಿಟ್ಟಿದೆ. ಟ್ಯಾಂಕಿನದು ಇಳಿದಿದ್ದರೆ ಸೋರಿಕೆ ಮನೆಯೊಳಗಿದೆ. ಸಾವಿರ ಲೀಟರಿನ ದುಂಡನೆಯ ಟ್ಯಾಂಕಿನಲ್ಲಿ ಒಂದು ಅಂಗುಲ ಇಳಿಯಿತೆಂದರೆ 20 ಲೀಟರಿಗೂ ಮೇಲೆ ಹೋಯಿತೆಂದು ಅರ್ಥ. ಬಳಕೆ ಏರಿದಂತೆ ಲೀಟರಿನ ದರವೂ ಹಂತಹಂತವಾಗಿ ಏರುವುದರಿಂದ ಬಿಲ್ಲು ಹೀಗೆ ಜಿಗಿಯುತ್ತದೆ.

ಟ್ಯಾಂಕಿನ ಮಟ್ಟ ಇಳಿದಿದ್ದರೆ ಮೊದಲು ಫ್ಲಷ್ ತೊಟ್ಟಿಯನ್ನು ಅನುಮಾನಿಸು. ಬಟ್ಟೆಗೆ ಹಾಕುವ ನೀಲಿಯನ್ನು ಅದರಲ್ಲಿ ಕಲಸಿ ಅರ್ಧ ಗಂಟೆ ಮುಟ್ಟದೆ ಬಿಡು. ಕಮೋಡಿನಲ್ಲಿ ನೀಲಿ ಕಾಣಿಸಿದರೆ ಒಳಗಿನ ವಾಷರು ಹೋಗಿದೆ, ಗೋಡೆ ಒಡೆಯುವ ಮುಂಚೆ ಅದನ್ನು ಬದಲಿಸಿ ಮತ್ತೆ ಅಳತೆ ನೋಡಿ. ಅಲ್ಲೂ ಇಲ್ಲವೆಂದಾದರೆ ತಾರಸಿಯ ಮೇಲೆ ಬಚ್ಚಲಿಗೆ, ಅಡುಗೆಮನೆಗೆ, ಸೋಲಾರಿಗೆ ಬೇರೆ ಬೇರೆ ಗೇಟ್ ವಾಲ್ವು ಇದ್ದೇ ಇರುತ್ತದೆ. ಒಂದೊಂದು ರಾತ್ರಿ ಒಂದೊಂದನ್ನು ಮುಚ್ಚಿ ಅಳೆದರೆ, ಯಾವುದನ್ನು ಮುಚ್ಚಿದ ರಾತ್ರಿ ಮಟ್ಟ ಇಳಿಯಲಿಲ್ಲವೋ ಆ ಸಾಲಿನಲ್ಲೇ ತೂತಿದೆ. ಟ್ಯಾಂಕಿನ ಮಟ್ಟ ಸ್ವಲ್ಪವೂ ಇಳಿಯದೆ, ಸ್ನಾನ ಮಾಡಿದ ಮೇಲಷ್ಟೇ ಗೋಡೆ ಹೆಚ್ಚು ಒದ್ದೆಯಾಗುವುದಾದರೆ ಅದು ಬಚ್ಚಲಿನ ನೆಲದ ಟೈಲ್ಸ್ ಸಂದು ಅಥವಾ ಹೊರಹೋಗುವ ಪೈಪಿನ ದೋಷ. ಆಗ ಬಿಲ್ಲು ಏರಿದ್ದಕ್ಕೆ ಬೇರೆ ಕಾರಣ ಹುಡುಕಬೇಕು.

ಇಷ್ಟನ್ನೂ ಮಾಡಿಕೊಂಡು ಪ್ಲಂಬರನ್ನು ಕರೆದರೆ ಅವನು ಇಡೀ ಗೋಡೆ ಒಡೆಯಬೇಕಾಗಿಲ್ಲ. ರಿಪೇರಿಯಾದ ಮೇಲೂ ಗೋಡೆ ಪೂರ್ತಿ ಒಣಗಲು ವಾರಗಳೇ ಬೇಕು, ಹಬ್ಬಕ್ಕೆ ಬಣ್ಣ ಆಗದಿದ್ದರೆ ಬೇಡ, ಗೌರಮ್ಮನನ್ನು ಹಜಾರದಲ್ಲಿ ಕೂರಿಸು. ಈಗಲೇ ಎದ್ದುಹೋಗಿ ಆ ಕೋಣೆಯ ವಿದ್ಯುತ್ತನ್ನು ಕಡಿಯುವ ಎಂಸಿಬಿ ಸ್ವಿಚ್ಚು ಇಳಿಸಿಬಿಡು, ಮಕ್ಕಳು ಆ ಬೋರ್ಡಿನ ಹತ್ತಿರ ಹೋಗದಂತೆ ನೋಡಿಕೋ. ಬೆಳಿಗ್ಗೆ ಟ್ಯಾಂಕಿನ ಗುರುತು ಎಷ್ಟು ಇಳಿದಿದೆಯೆಂದು ಇಲ್ಲೇ ಬರೆ, ನಾನು ಕಾಯುತ್ತಿರುತ್ತೇನೆ.