ಪದಚರ್ಚೆ: ಸೆನ್ಸರ್ ಧೂಳಿನಿಂದ ಫೋಟೋದಲ್ಲಿ ಬೀಳುವ ಗುರುತಿಗೆ ಏನೆನ್ನೋಣ?

ಅನುವಾದಕ:
ಕ್ಯಾಮೆರಾ ಕೈಪಿಡಿಯೊಂದು ಇಂದು ಸಂಜೆಯೊಳಗೆ ಮುಗಿಯಬೇಕು. 'ಡಸ್ಟ್ ಸ್ಪಾಟ್' ಎಂಬಲ್ಲಿ ಸಿಕ್ಕಿಕೊಂಡಿದೆ. ಕ್ಯಾಮೆರಾದೊಳಗಿನ ಕಣಕ್ಕೂ ಚಿತ್ರದಲ್ಲಿ ಕಾಣುವ ಬೂದು ಗುರುತಿಗೂ ಮೂಲದಲ್ಲಿ ಅದೊಂದೇ ಪದ. ಬೆಳಕು ಹಿಡಿಯುವ ಸೆನ್ಸರಿಗೆ 'ಸಂವೇದಕ' ಎಂದಿಟ್ಟುಕೊಂಡು 'ಸಂವೇದಕದ ಮೇಲಿನ ಧೂಳಿನ ಕಲೆ' ಎಂದು ಬರೆದಿಟ್ಟಿದ್ದೇನೆ, ಆದರೆ ಮೆನುವಿನಲ್ಲಿ ಎರಡು ಪದಕ್ಕಷ್ಟೇ ಜಾಗ.

ಅಚ್ಚಗನ್ನಡ:
'ಸಂವೇದಕ' ಯಾರ ನಾಲಿಗೆಗೆ? 'ಅರಿವಿಕ' ಎನ್ನಿ. ಧೂಳಿಗೆ ಮಹಾಪ್ರಾಣವೂ ಬೇಡ, ದೂಳು ಸಾಕು. 'ಕಲೆ' ಎಂದರೆ ಓದುವವರು ಚಿತ್ರಕಲೆ ಎಂದುಕೊಂಡಾರು. ಹಳಗನ್ನಡದ 'ಕಱೆ' ಇದೆ, ತಮಿಳರು ಇಂದಿಗೂ ಕಱೈ ಎನ್ನುತ್ತಾರೆ. 'ಅರಿವಿಕದ ಕರೆ'. ಎರಡೇ ಪದ.

ಕತ್ತಲಕೋಣೆ:
> ಅರಿವಿಕದ ಕರೆ
ಸೆನ್ಸರ್ ಫೋನ್ ಮಾಡಿತು ಎಂದಾಯಿತು. ಮುಂದಕ್ಕೆ ಹೋಗೋಣ.

ಧೂಳು ಕೂರುವುದು ಸೆನ್ಸರ್ ಮೇಲಲ್ಲ, ಅದರ ಮುಂದಿರುವ ಫಿಲ್ಟರ್ ಗಾಜಿನ ಮೇಲೆ. ಗಾಜಿಗೂ ಬೆಳಕು ಹಿಡಿಯುವ ಪದರಕ್ಕೂ ನಡುವೆ ತುಸು ಅಂತರ. ಹಾಗಾಗಿ ಚಿತ್ರದಲ್ಲಿ ಬೀಳುವುದು ಧೂಳಲ್ಲ, ಧೂಳಿನ ನೆರಳು. ಎಫ್/2.8ರಲ್ಲಿ ಲೆನ್ಸಿನ ಅಗಲ ಕಿಂಡಿಯಿಂದ ಬೆಳಕು ನಾನಾ ಕೋನಗಳಲ್ಲಿ ಬಂದು ಕಣದ ಹಿಂದಕ್ಕೂ ನುಗ್ಗುತ್ತದೆ, ನೆರಳು ಹರಡಿ ತೆಳುವಾಗಿ ಕಾಣದೇ ಹೋಗುತ್ತದೆ. ಎಫ್/22ಕ್ಕೆ ಕಿಂಡಿ ಕಿರಿದಾಯಿತೋ, ಅದೇ ಕಣ ನೀಲಿ ಆಕಾಶದಲ್ಲಿ ಅಂಚು ಕಟ್ಟಿದ ಬೂದು ಬೊಟ್ಟು. ಕಲೆಯಾಗಲಿ ಕಱೆಯಾಗಲಿ ಅಂಟಿದ್ದಕ್ಕೆ ಹೇಳುವ ಮಾತು. ಕಿಂಡಿ ಹಿಗ್ಗಿಸಿದರೆ ಮಾಯವಾಗುವುದು ಕಲೆ ಹೇಗಾದೀತು? ಒಳಗಿನದು 'ಧೂಳಿನ ಕಣ', ಚಿತ್ರದ್ದು 'ಧೂಳಿನ ನೆರಳು'.

ಅನುವಾದಕ:
ಉಪಕಾರವಾಯಿತು. ಮುಂದೆ 'ಸ್ಪಾಟ್ ಮೇಲಿದ್ದರೆ ಕೆಳಭಾಗ ಒರೆಸಿ' ಎಂದಿದೆ. ಮೂಲದ ತಪ್ಪೇ?

ಕತ್ತಲಕೋಣೆ:
ತಪ್ಪಲ್ಲ. ಬಿಂಬ ಸೆನ್ಸರ್ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಲೆನ್ಸ್ ಕಳಚಿ ಎದುರಿನಿಂದ ನೋಡಿದರೆ ಮೇಲುಕೆಳಗು ಮಾತ್ರ ಅದಲುಬದಲು, ಎಡಬಲ ಹಾಗೇ. 'ನೆರಳು ಮೇಲಿದ್ದರೆ ಕಣ ಕೆಳಗಿದೆ' ಎಂದು ಬರೆಯಿರಿ, ಒಂದೇ ಪದದಿಂದ ಆಗುತ್ತಿದ್ದ ಗೊಂದಲ ಮುಗಿಯಿತು.

ಪರೀಕ್ಷೆಯ ಹಂತವನ್ನೂ ಸರಿಯಾಗಿ ಕೊಡಿ: ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಎಫ್/22, ಫೋಕಸ್ ಬೇಕೆಂದೇ ತಪ್ಪಿಸಿ ಬಿಳಿ ಗೋಡೆಗೆ 1-2 ಸೆಕೆಂಡಿನ ಎಕ್ಸ್‌ಪೋಷರ್, ಆ ಹೊತ್ತಿನಲ್ಲಿ ಕ್ಯಾಮೆರಾ ಅಲುಗಿಸುತ್ತಿರಬೇಕು. ಗೋಡೆಯ ಗುರುತು ಕಲಸಿಹೋಗುತ್ತದೆ, ಧೂಳಿನ ನೆರಳು ಕದಲದು. ಇನ್ನು 'ಒರೆಸಿ' ಮೊದಲ ಹೆಜ್ಜೆಯಲ್ಲ, ಕಣ ಗೀರುತ್ತದೆ. ಮೊದಲು ಕ್ಯಾಮೆರಾ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಯಿಸಬೇಕು. ಬರೀ 'ಊದಿ' ಎಂದೀರಿ ಜೋಕೆ, ಬಾಯಲ್ಲಿ ಊದಿ ಉಗುಳು ಸಿಡಿಸುತ್ತಾರೆ. ಆಗ 'ಕಲೆ' ಎನ್ನಲು ಅಡ್ಡಿಯಿಲ್ಲ. ಹೋಗದಿದ್ದರೆ ಸ್ವಾಬ್ (ತುದಿಗೆ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿ): 36×24 ಮಿ.ಮೀ. ಸೆನ್ಸರಿಗೆ 24 ಮಿ.ಮೀ. ಅಗಲದ್ದು, ಶುಚಿ ಮಾಡುವ ದ್ರವ 2-3 ಹನಿ, ಸ್ವಾಬಿನ ಒಂದು ಮಗ್ಗುಲಿಗೆ ಒಂದೇ ಎಳೆತ. ಹನಿ ಹೆಚ್ಚಾದರೆ ಗೆರೆ ಒಣಗಿ ನಿಲ್ಲುತ್ತದೆ. ಕನ್ನಡಿಯಿರುವ ಕ್ಯಾಮೆರಾದಲ್ಲಿ ಬ್ಯಾಟರಿ ತುಂಬಿರಲಿ. ನಡುವೆ ಸತ್ತರೆ ಕನ್ನಡಿ ಇಳಿದು ಸ್ವಾಬ್‌ಗೆ ಬಡಿಯುತ್ತದೆ.

ಅನುವಾದಕ:
ಫಿಲ್ಟರ್ ತಾನೇ ಕಂಪಿಸಿ ಧೂಳು ಬೀಳಿಸುವ ಮೆನು ಒಂದಿದೆ. 'ಸ್ವಯಂ ಶುಚೀಕರಣ'?

ಅಚ್ಚಗನ್ನಡ:
'ದೂಳು ಕೊಡವು'. ಕಂಬಳಿ ಕೊಡವಿದ ಹಾಗೆ. ಇಷ್ಟು ಚೆಂದದ ಕ್ರಿಯಾಪದ ಮನೆಯಲ್ಲಿದ್ದೂ ಶುಚೀಕರಣವಂತೆ!

ಕತ್ತಲಕೋಣೆ:
ಇದಕ್ಕೆ ನನ್ನ ತಕರಾರಿಲ್ಲ. ಒರೆಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವೂ ಬಂತು. ಅಂಟಿಕೊಂಡ ಕಣ ಕೊಡವಿದರೆ ಬೀಳದು, ಅದನ್ನೂ ಒಂದು ಸಾಲು ಸೇರಿಸಿ.

ಅಚ್ಚಗನ್ನಡ:
ಸಂತೋಷ. ಆದರೆ ಫಿಲ್ಟರ್, ಲೆನ್ಸ್, ಸ್ವಾಬ್, ಬ್ಲೋವರ್! ಕನ್ನಡಕ್ಕೆ ಉಳಿದದ್ದು ವಿಭಕ್ತಿ ಪ್ರತ್ಯಯ ಮಾತ್ರ. ಲೆನ್ಸಿಗೆ ಮಸೂರ ಇಲ್ಲವೇ?

ಪದಕೋಶಿ:
ಮಸೂರ ಸಂಸ್ಕೃತದ ಬೇಳೆ, ಲೆನ್ಸ್ ಲ್ಯಾಟಿನ್ನಿನ ಅದೇ ಬೇಳೆ. ಸಂವೇದಕ ಗಂಟಲಲ್ಲಿ ಇಳಿಯದವರಿಗೆ ಮಸೂರ ಹೇಗೆ ಇಳಿಯಿತು ಸ್ವಾಮೀ? ಸೆನ್ಸರ್ ಇದ್ದ ಹಾಗೇ ಇರಲಿ. ದೀರ್ಘ ಮಾತ್ರ ಕೊಡಬೇಡಿ. 'ಸೆನ್ಸಾರ್' ಸಿನಿಮಾಕ್ಕೆ ಕತ್ತರಿ ಹಾಕುವುದು.

ಅಚ್ಚಗನ್ನಡ:
ಹಾಗಾದರೆ 'ಉಬ್ಬುಗಾಜು'.

ಕತ್ತಲಕೋಣೆ:
ಒಳಗೆ ತಗ್ಗುಗಾಜುಗಳೂ ಇರುತ್ತವೆ. ಬಿಡಿ.

ಅನುವಾದಕ:
'ಧೂಳಿನ ಕಣ', 'ಧೂಳಿನ ನೆರಳು', 'ಧೂಳು ಕೊಡವು' ಹಾಕಿ ಕಳಿಸಿಬಿಟ್ಟೆ. ಎಲ್ಲರಿಗೂ ವಂದನೆ.

ಅಚ್ಚಗನ್ನಡ:
ದೂಳು.